ದೊಡ್ಡ ಗಂಟೆಯ ಹಗ್ಗ

"ಹೊಸ ಹಗ್ಗ ತಂದಿದೀನಿ, ದೇನೆಶಣ್ಣ," ಎಂದ ತ್ರಾಯಾನ್, ಹೊಸಿಲಾಚೆಯೇ ನಿಂತು.

ದೇನೆಶ್ ಎತ್ತಿದ್ದ ಸೂಪಿನ ಚಮಚ ಬಾಯಿಗೆ ಹೋಗಲಿಲ್ಲ. ಹೆಂಡತಿ ರೊಜಾಲಿಯಾ ಗಂಡನ ಮುಖವನ್ನೇ ನೋಡಿದಳು.

ಹೋದ ವಾರ ತನ್ನ ಹೆಂಡತಿ ಡೊಮ್ನಿಕಾ ತೀರಿಕೊಂಡ ಬೆಳಿಗ್ಗೆಯೂ ತ್ರಾಯಾನ್ ಹೀಗೇ ಬಂದು ನಿಂತಿದ್ದ. ಹಂಗೇರಿಯನ್ ಮಾತಿನ ಆ ಹಳ್ಳಿಯಲ್ಲಿ ರೊಮೇನಿಯನ್ನರ ಮನೆ ಅವನದೊಂದೇ. ಕುರಿ ಕಾಯಲು ಬಂದ ಗಂಡಹೆಂಡಿರು ಅಲ್ಲೇ ಬೇರೂರಿ, ಊರಿನವರಷ್ಟೇ ಚೆನ್ನಾಗಿ ಊರಿನ ಮಾತು ಕಲಿತಿದ್ದರು. ಅವರ ಚರ್ಚು, ಸ್ಮಶಾನ ಮಾತ್ರ ಗುಡ್ಡದಾಚೆಯ ಹಳ್ಳಿಯಲ್ಲಿ.

"ಅವಳನ್ನ ಹೊತ್ತ ಗಾಡಿ ಊರು ದಾಟೋವರೆಗೆ ದೊಡ್ಡ ಗಂಟೆ ಬಾರಿಸ್ತೀಯಾ ಅಣ್ಣ? ಅದರ ದನಿ ಅಂದ್ರೆ ಅವಳಿಗೆ ಪ್ರಾಣ," ಎಂದು ಅಂದು ಕೇಳಿದ್ದ.

ದಿನದ ಪ್ರಾರ್ಥನೆಗೆ ಚಿಕ್ಕ ಗಂಟೆ. ದೊಡ್ಡದು ಬಾಯಿ ಬಿಡುವುದು ಸಾವಿಗೆ ಮಾತ್ರ, ಅದೂ ತಮ್ಮ ಚರ್ಚಿನವರ ಸಾವಿಗೆ. ಬೇರೆಯವರಿಗೆ ಬಾರಿಸಿದರೆ ಭಾನುವಾರ ಹಿರಿಯರ ಮುಖ ಹೇಗಾಗುತ್ತದೆಂದು ಗಂಟೆ ಬಾರಿಸುವ ದೇನೆಶ್‌ಗೆ ಗೊತ್ತಿತ್ತು. ಆಗದು ಎನ್ನಲೂ ನಾಲಗೆ ಏಳಲಿಲ್ಲ. "ಹಗ್ಗ ಸವೆದುಹೋಗಿದೆ ಕಣೋ. ಎಳೆದ್ರೆ ಕಿತ್ತು ಬರತ್ತೆ," ಎಂದುಬಿಟ್ಟಿದ್ದ. ಡೊಮ್ನಿಕಾಳ ಗಾಡಿ ಸದ್ದಿಲ್ಲದೆ ಗುಡ್ಡ ಹತ್ತಿತ್ತು.

"ಅವಳಿಗಂತೂ ಆಗ್ಲಿಲ್ಲ. ಮುಂದೆ ಹೋಗೋರಿಗಾದ್ರೂ ಇರ್ಲಿ," ಎಂದ ತ್ರಾಯಾನ್. "ನಾನೇ ಹೊಸೆದಿದ್ದು. ಬಾ, ಕಟ್ಟೋಣ. ಈ ವಯಸ್ಸಲ್ಲಿ ನೀನೊಬ್ನೇ ಏಣಿ ಹತ್ತಬೇಡ."

"ನಾಳೆ ನೋಡೋಣ ಬಿಡು, ಊಟ ಮಾಡ್ತಿದೀನಿ."

"ಏಳಿ," ಎಂದಳು ರೊಜಾಲಿಯಾ ತಟ್ಟೆಯನ್ನು ಎಳೆದುಕೊಳ್ಳುತ್ತ. "ಸವೆದಿರೋದನ್ನ ಅವನಿಗೂ ತೋರಿಸಿ."

ಚರ್ಚಿನ ಗಂಟೆ ಗೋಪುರದೊಳಗೆ ಪಾರಿವಾಳದ ಹಿಕ್ಕೆಯ ವಾಸನೆ. ದೊಡ್ಡ ಗಂಟೆಯ ಹಳೆಯ ಹಗ್ಗ, ಹೆಬ್ಬೆರಳಿಗಿಂತ ದಪ್ಪನೆಯದು, ಕೈ ಆಡಿ ಆಡಿ ನುಣುಪಾಗಿ, ಮೇಲಿನಿಂದ ನೆಟ್ಟಗೆ ಇಳಿಬಿದ್ದಿತ್ತು. ತ್ರಾಯಾನ್ ಅದನ್ನು ಹಿಡಿದ. ಗಂಟೆ ಅಲುಗದಂತೆ ಮೆಲ್ಲಗೆ ಜಗ್ಗಿ, ಬೆರಳಾಡಿಸುತ್ತ ತುದಿಯವರೆಗೂ ಬಂದ. ಒಂದು ಎಳೆಯೂ ಸವೆದಿರಲಿಲ್ಲ. ಆಮೇಲೂ ಅವನು ಹಗ್ಗ ಬಿಡಲಿಲ್ಲ, ತಿರುಗಿಯೂ ನೋಡಲಿಲ್ಲ.

ತ್ರಾಯಾನ್ ಬೈದಿದ್ದರೆ ದೇನೆಶ್ ಬದುಕಿಕೊಳ್ಳುತ್ತಿದ್ದ. ಅವನ ಭಾಷೆಯಲ್ಲೇ ಒಂದು ಮಾತು ಹೇಳೋಣವೆಂದು ತಡಕಾಡಿದ. ಇಷ್ಟು ವರ್ಷ ನೆರೆಯಲ್ಲಿದ್ದೂ ಕಲಿತದ್ದು ಗಿಣ್ಣು, ಉಣ್ಣೆ, ಎಷ್ಟು ಅನ್ನುವ ಪದಗಳನ್ನಷ್ಟೇ.

"ತ್ರಾಯಾನ್..." ಎಂದ.

ತ್ರಾಯಾನ್ ಹೊಸ ಹಗ್ಗವನ್ನು ಸುರುಳಿ ಸುತ್ತಿ ಗೋಡೆಯ ಮೊಳೆಗೆ ನೇತುಹಾಕಿದ. ಮೊದಲು ತಾನು ಹೊರಬಿದ್ದು, ಗಾಳಿಗೆ ಬಡಿದುಕೊಳ್ಳುತ್ತಿದ್ದ ಬಾಗಿಲನ್ನು ಮುದುಕನಿಗಾಗಿ ಹಿಡಿದು ನಿಂತ.

"ಬಗ್ಗು ಅಣ್ಣ," ಎಂದ. "ತಲೆ ತಾಗೀತು."