ಬಿಳಿ ಕಿಸೆ

ಕೆರೆಯುತ್ತಿದೆ ಇದು, ಹರಿಯುತ್ತಿಲ್ಲ, ನಿಬ್ಬು ಕಾಗದದ ಮೇಲೆ ಕರಕರ ಎನ್ನುತ್ತದೆ, ನೀಲಿ ಗೆರೆ ಅರ್ಧಕ್ಕೇ ಬತ್ತಿಹೋಯಿತು, ಬೇಡ, ಬ್ಯಾರೆ ತಗೀರಿ ಲಾಡಲೇಸಾಬ್ರ, ಚಲೋ ಹರಿಯೋ ಶಾಯಿ ಕೊಡ್ರಿ ಅಂದರೆ, ಈ ಪೆನ್ನಿನಂಗಡಿಯ ಮುದುಕ ಕಪಾಟಿನೊಳಗೆ ತಲೆಯಿಟ್ಟುಕೊಂಡೇ ಯಾರಿಗ್ರಿ ಬಾಯಾರ, ಪೆನ್ನು ಎಂದು ಕೇಳುತ್ತಾನೆ, ನಮ್ಮ ಹೆಡ್ ಮಾಸ್ತರಿಗ್ರಿ, ರೇವಪ್ಪ ಮಾಸ್ತರು ನಾಳೆ ರಿಟೈರ್ ಆಗತಾರ, ಸಾಲಿಯವರೆಲ್ಲಾ ಕೂಡಿ ಕೊಡಾಕತ್ತೇವಿ — ಪೆನ್ನು ಆರಿಸಿದವರು ಅವರೆಲ್ಲ, ಶಾಯಿ ತುಂಬಿಸುವ ಚಾಕರಿ ನನಗೆ, ಕಸ್ತೂರಿ ಟೀಚರ್ ತರಲಿ, ದಿನಾ ಬಿಜಾಪುರದಿಂದ ಬಸ್ಸಿಗೆ ಬರತಾರಲ್ಲ ಅಂದರು, ತರುತ್ತೇನೆ, ಯಾಕೆ ತರಬಾರದು, ತಂದು ನಾನೇ ಅವನ ಕಿಸೆಗೆ ಸಿಗಿಸುತ್ತೇನೆ, ಹೆಂಡತಿ ನೀಲಿ ಹಾಕಿ ಒಗೆದು ಇಸ್ತ್ರಿ ಮಾಡಿಕೊಟ್ಟ ಆ ಬಿಳಿ ಕಿಸೆಗೆ, ಒಂದು ಕಲೆ ಕಂಡಿಲ್ಲ ಅದು, ಕಂಡಿದ್ದರೆ ಜನವರಿ ಇಪ್ಪತ್ತಾರಕ್ಕೆ, ಝಂಡಾದಿಂದ ಉದುರಿದ ಹೂವು ಇನ್ನೂ ನೆಲದ ಮೇಲೆ ಬಿದ್ದಿರುವಾಗ, ನಾನು ಬಿಳಿ ಸೀರೆ ಉಟ್ಟು ಹಾರದ ತಾಟು ಹಿಡಿದು ಸ್ಟೇಜು ಹತ್ತುವಾಗ, ಮೈಕಿನಲ್ಲಿ, ಟೀಚರ್, ಹಿಂದ ಸೀರಿ ನೋಡ್ಕೋರಿ ಅನ್ನುತ್ತಿದ್ದನೇ, ಮುಟ್ಟಿನ ಕಲೆ ಅದು, ನನಗೇ ಗೊತ್ತಿರಲಿಲ್ಲ, ಊರಿಗೆಲ್ಲ ಗೊತ್ತಾಯಿತು, ಹುಡುಗರು ನಕ್ಕರು, ಹಿರಿಯರು ನೋಡಿಯೂ ನೋಡದವರಂತೆ ನೋಡಿದರು, ತಾಟು ಹಿಡಿದ ಎರಡು ಕೈ, ಮುಚ್ಚಿಕೊಳ್ಳಲು ಮೂರನೆಯ ಕೈ ಎಲ್ಲಿಂದ ತರಲಿ. ಸಂಜೆ ಕರೆದು ಹೇಳಿದ, ನಿಮ್ಮ ಚಲೋದಕ್ಕ ಹೇಳೀನ್ರಿ. ಚಲೋದಕ್ಕಂತೆ, ಬೆಂಕಿ ಹಚ್ಚಲಿ ಅವನ ಚಲೋತನಕ್ಕೆ.

ಇದ ನೋಡ್ರಿ, ಕೆಂಪು, ಮುದುಕ ಬಾಟಲಿ ಇಡುತ್ತಾನೆ, ಬಾಳ ಹರಿತೈತ್ರಿ ಆದ್ರ, ಕಿಸೇದಾಗ ಇಟ್ರ ಸೋರಿದ್ರೂ ಸೋರೀತು, ಎಷ್ಟ್ ತಿಕ್ಕಿದ್ರೂ ಹೋಗಂಗಿಲ್ಲ, ಹೋಗದಿದ್ದರೇ ಒಳ್ಳೆಯದು, ನಮ್ಮ ಮಾಸ್ತರು ಕೆಂಪಿನಾಗ ತಿದ್ದಿದವರ ಅದಾರ ಬಿಡ್ರಿ, ತುಂಬಿದೆ, ಬರೆದೆ, ಅಬ್ಬಾ ಹೇಗೆ ಓಡುತ್ತದೆ, ನಿಬ್ಬು ಮುಟ್ಟುವುದೇ ತಡ ಕಾಗದ ಕುಡಿಯುತ್ತದೆ, ಬಿಳಿ ಕಿಸೆಯೂ ಹೀಗೆಯೇ ಕುಡಿಯಲಿ, ಭಾಷಣ ಮುಗಿಯುವುದರೊಳಗೆ ಎದೆ ತುಂಬಾ ಹಬ್ಬಲಿ, ಹುಡುಗರು ನಗಲಿ, ಇನ್ನೊಮ್ಮೆ ಪೆನ್ನು ಝಾಡಿಸಿದೆ, ಒಂದು ಹನಿ ಹಾರಿ ನನ್ನದೇ ಸೀರೆಯ ನಿರಿಗೆ ಮೇಲೆ ಬಿತ್ತು, ತಿಳಿ ಹಳದಿಯ ಮೇಲೆ ಕೆಂಪು, ಲಾಡಲೇಸಾಬ ಕತ್ತು ಎತ್ತಲಿಲ್ಲ, ಪಕ್ಕದ ಗಿರಾಕಿಗೂ ಕೇಳದ ಹಾಗೆ, ಬಾಯಾರ, ಸೀರಿ ನೋಡ್ಕೋರಿ, ಅಂದು ಒದ್ದೆ ಅರಿವೆ ಸರಿಸಿದ. ಅದೇ ಮಾತು. ಇಷ್ಟು ಮೆಲ್ಲಗೆ ಆಡಬಹುದಾದ ಮಾತು ಅದು, ಮಾಸ್ತರನ ಬಾಯಿಗೂ ಬರುತ್ತಿತ್ತು, ಮೈಕಿನಿಂದ ಒಂದು ಗೇಣು ಸರಿದಿದ್ದರೆ ಸಾಕಿತ್ತು, ಸರಿಯಲಿಲ್ಲ ಅವನು — ಅರಿವೆ ಬ್ಯಾಡ್ರಿ, ಇರಲಿ, ಬಾಟಲಿ ಕಟ್ಟಿಕೊಡ್ರಿ, ಒರೆಸುವುದಿಲ್ಲ ನಾನು, ನಾಳೆ ಇದೇ ಸೀರೆ ಉಡುತ್ತೇನೆ, ಈ ಸಲ ಕಲೆ ಮುಂದೆಯೇ ಇದೆ, ಎದುರಿಗೆ ನಿಂತು ಪೆನ್ನು ಸಿಗಿಸುತ್ತೇನೆ, ಮೈಕು ಅಲ್ಲೇ ಇರುತ್ತದೆ, ಹೇಳು ಮಾಸ್ತರ, ಈಗ ಹೇಳು, ಬಿಳಿ ಕಿಸೆ, ಅದರ ಮೂಲೆಯಲ್ಲಿ ಒಂದು ಕೆಂಪು ಚುಕ್ಕಿ, ಬಿಳಿ ಕಿಸೆ, ಚುಕ್ಕಿ ಅಗಲವಾಗುತ್ತದೆ, ಬಿಳಿ ಕಿಸೆ, ಬಿಳಿ