ತುಂಪಾಲ್ ಅಣ್ಣ ಉಲೋಸ್ ಹೊದಿಸಿದ್ದು

ಸಿಯಾಂತಾರ್‌ನಿಂದ ಪರಾಪತ್‌ಗೆ ಬಸ್ಸು ಓಡಿಸುತ್ತಿದ್ದ ನಮ್ಮಣ್ಣ ತುಂಪಾಲ್‌ಗೆ ಹಾರ್ನ್ ಬೇಕಿರಲಿಲ್ಲ, ಅಂಥ ಗಂಟಲು. ಐವತ್ತು ದಾಟುವಷ್ಟರಲ್ಲಿ ಪಾರ್ಕಿನ್ಸನ್ ಕಾಯಿಲೆ ಬಂದು ಕೈ ನಡುಗತೊಡಗಿತು. ಬಸ್ಸು ಓಡಿಸುವುದನ್ನು ಬಿಟ್ಟ. ಆಮೇಲೆ ಅನ್ನದ ತುತ್ತನ್ನೂ ಅತ್ತಿಗೆ ನುರ್ಸಾನಿಯೇ ಇಡಬೇಕಾಯಿತು.

ಕಳೆದ ವರ್ಷ ಜಕಾರ್ತಾದಲ್ಲಿ ಆಪರೇಷನ್ ಆಯಿತು. ಮಿದುಳಿನೊಳಗೆ ಎರಡು ಸಣ್ಣ ತಂತಿ, ಎದೆಯ ಚರ್ಮದಡಿ ಬ್ಯಾಟರಿ. ಮನೆಗೆ ಬಂದವನು ಅತ್ತಿಗೆಗೆ ತಾನೇ ಕಾಫಿ ಬಗ್ಗಿಸಿ ಕೊಟ್ಟ. ಒಂದು ತೊಟ್ಟೂ ಚೆಲ್ಲಲಿಲ್ಲ. "ಸಕ್ಕರೆ ಜಾಸ್ತಿಯಾಯ್ತು" ಎಂದು ಗೊಣಗಿ ಲೋಟ ಹಿಡಿದು ಹಿತ್ತಲಿಗೆ ಹೋದವಳು ಎಷ್ಟು ಹೊತ್ತಾದರೂ ಒಳಗೆ ಬರಲಿಲ್ಲ.

ಆದರೆ ದನಿ ಇಳಿಯಿತು. ಮಾತು ತೊದಲಿ ಬಾಯೊಳಗೇ ಉಳಿಯತೊಡಗಿತು. "ಬಟಾಕ್ ಗಂಡಸು ಪಿಸುಗುಟ್ಟೋದು ಇವತ್ತೇ ನೋಡಿದ್ದು ಕಣೋ" ಎಂದು ಕಾಫಿ ಅಂಗಡಿಯಲ್ಲಿ ಗೆಳೆಯರು ನಕ್ಕರು; ನಮ್ಮ ಬಟಾಕ್ ಜನ ಗಟ್ಟಿ ದನಿಗೇ ಹೆಸರಾದವರು. ಅವನೂ ನಕ್ಕ. ಬರಬರುತ್ತಾ ಅವನನ್ನು ಕೇಳಬೇಕಾದ್ದನ್ನೆಲ್ಲ ಅವರು ನನ್ನನ್ನು ಕೇಳತೊಡಗಿದರು. ಅವನು ಅಂಗಡಿಗೆ ಬರುವುದನ್ನೇ ಬಿಟ್ಟ.

"ಕರೆಂಟು ಹೆಚ್ಚಿಸಿದ್ರೆ ಕೈ ನಿಲ್ಲುತ್ತೆ, ನಾಲಿಗೆ ಎಡವುತ್ತೆ" ಎಂದರು ಡಾಕ್ಟರು. "ಕಮ್ಮಿ ಮಾಡಿದ್ರೆ ಮಾತು ಬರುತ್ತೆ, ನಡುಕಾನೂ ಬರುತ್ತೆ. ಎರಡನ್ನೂ ಇದರಲ್ಲಿ ಇಟ್ಟಿದ್ದೀನಿ, ಬೇಕಾದ ಹಾಗೆ ಬದಲಾಯಿಸ್ಕೊಳ್ಳಿ." ಕೊಟ್ಟದ್ದು ಅಂಗೈಯಗಲದ ರಿಮೋಟ್. ಅಣ್ಣ ಕೈಯನ್ನೇ ಆರಿಸಿಕೊಂಡ.

ಅಷ್ಟರಲ್ಲಿ ಅವನ ಮಗಳು ಲಮ್ರಿಯಾಳ ಮದುವೆ ಬಂತು. ನಮ್ಮಲ್ಲಿ ಹೆಣ್ಣಿನ ಅಪ್ಪ ಅಮ್ಮ ಉಲೋಸ್ ಶಾಲನ್ನು ಮದುಮಕ್ಕಳ ಹೆಗಲಿಗೆ ಹೊದಿಸಿ, ನೆರೆದವರೆದುರು ನಾಲ್ಕು ಮಾತಾಡಿ ಹರಸಬೇಕು. "ನೀನು ಹೊದಿಸು, ಮಾತು ಸಾಹತ್ ಆಡ್ತಾನೆ" ಎಂದಳು ಅತ್ತಿಗೆ. ಸಾಹತ್ ಅಂದರೆ ನಾನು. ಅಣ್ಣ ತಲೆಯಾಡಿಸಿದ.

ಮದುವೆಯ ದಿನ ನಾನು ಮೈಕ್ ಹಿಡಿದು ನಿಂತಿದ್ದೆ. ಅಣ್ಣ ಜೇಬಿನಿಂದ ರಿಮೋಟ್ ತೆಗೆದ.

"ಬೇಡ, ಎಲ್ಲಾ ನೋಡ್ತಾರೆ" ಎಂದಳು ಅತ್ತಿಗೆ.

"ನೋಡ್ಲಿ."

ಗುಂಡಿ ಒತ್ತಿ, ವಾದ್ಯ ನಿಲ್ಲುವವರೆಗೂ ಕಾದ. ಮೊದಲು ಬೆರಳು ಮಿಡುಕಿತು, ಆಮೇಲೆ ಮುಂಗೈ, ಆಮೇಲೆ ತೋಳೆಲ್ಲ. ಉಲೋಸಿನ ಅಂಚಿನ ಎಳೆಗಳು ಅದುರತೊಡಗಿದವು. ಮೈಕನ್ನು ನಾನೇ ಅವನ ಬಾಯಿಗೆ ಹಿಡಿದೆ.

"ಹೋತ್ಮನ್" ಎಂದು ಅಳಿಯನನ್ನು ಕರೆದ. ಹಳೇ ದನಿಯಲ್ಲ, ಆದರೆ ಒಂದೊಂದು ಅಕ್ಷರವೂ ಹಿಂದಿನ ಸಾಲಿಗೆ ಕೇಳಿಸಿತು. "ಇವಳು ಸಿಟ್ಟು ಬಂದ್ರೆ ಮಾತು ಬಿಡ್ತಾಳೆ. ನೀನು ಜಗಳ ಆಡು, ಸುಮ್ನಿರು, ಏನಾದ್ರೂ ಮಾಡ್ಕೋ. ಎದ್ದು ಮಾತ್ರ ಹೋಗ್ಬೇಡ. ಇವಳಮ್ಮ ನನ್ನ ಬಿಟ್ಟು ಹೋಗ್ಬಹುದಿತ್ತು. ಹೋಗ್ಲಿಲ್ಲ."

ಹೊದಿಸಿದ ಶಾಲು ಜಾರಿತು. ಅತ್ತಿಗೆ ಇನ್ನೊಂದು ತುದಿ ಹಿಡಿದಳು. ಎತ್ತರದ ಆಳು ಹೋತ್ಮನ್ ಮಂಡಿಯೂರಿದ. ಲಮ್ರಿಯಾ ಅಪ್ಪನ ಕೈಯನ್ನು ತನ್ನ ಹೆಗಲಿಗೇ ಒತ್ತಿಹಿಡಿದುಕೊಂಡಳು.

ಊಟಕ್ಕೆ ಕೂತಾಗ "ಇನ್ನು ಬದಲಾಯಿಸ್ಕೋ, ತಿನ್ನೋದು ಹೇಗೆ?" ಎಂದೆ.

"ತಡಿಯೋ, ಇನ್ನೂ ಮಾತಾಡೋದಿದೆ" ಎಂದು ನಡುಗುತ್ತಲೇ ಬೀಗರ ಸಾಲಿಗೆ ಹೊರಟ. ಅತ್ತಿಗೆ ಮೀನಿನ ತಟ್ಟೆ ಹಿಡಿದು ಹಿಂದೆಯೇ ಹೋದಳು. ಅವನು ಲಮ್ರಿಯಾಳ ಬಾಲ್ಯದ ಕಿತಾಪತಿಯನ್ನೆಲ್ಲ ಬಿಚ್ಚಿದ. "ನುಂಗಿ ಮಾತಾಡು ಮಾರಾಯಾ" ಎನ್ನುತ್ತಾ ಅತ್ತಿಗೆ ಸಂದು ಸಿಕ್ಕಾಗ ಬಾಯಿಗೆ ತುತ್ತಿಟ್ಟಳು. ಬೀಗರು ಹೊರಡುವ ಹೊತ್ತಿಗೆ ಅವನ ಗಂಟಲು ಕಟ್ಟಿತ್ತು, ಅಂಗಿಯ ತುಂಬ ಸಾರಿನ ಕಲೆ.