ಬೆಸುಗೆಯ ಮೇಲೆ ಮೊಳೆಯಿಲ್ಲ

ಕೊಡಗು ಮೈಸೂರಿಗೆ ಸೇರಿದ ಮರುವರ್ಷ ಮೂರ್ನಾಡಿನ ಪದ್ಮಯ್ಯ ತಾಯಿಗೊಂದು ಮಾತಿನ ಯಂತ್ರ ಮಾಡಲು ಕೂತ. ಪಾರ್ಶ್ವವಾಯು ಬಡಿದು ಪೂವಮ್ಮನ ನಾಲಗೆ ಬಿದ್ದುಹೋಗಿತ್ತು. ಬಲಗೈಯ ತೋರುಬೆರಳೊಂದು ಮಾತ್ರ ಆಡುತ್ತಿತ್ತು.

ಬಿಸ್ಕತ್ತಿನ ದುಂಡು ಡಬ್ಬದ ಸುತ್ತ ಅವನು ಮೊಳೆ ಹೊಡೆದ. ಕೆಟ್ಟ ಗ್ರಾಮಫೋನಿನ ಸ್ಪ್ರಿಂಗು ಡಬ್ಬವನ್ನು ನಿಧಾನವಾಗಿ ತಿರುಗಿಸುತ್ತಿತ್ತು. ಮೊಳೆಯೊಂದು ಹಿತ್ತಾಳೆ ಪಟ್ಟಿಗೆ ತಾಗಿದರೆ ಟಾರ್ಚಿನ ಬಲ್ಬೊಂದು ಹೊತ್ತಿಕೊಳ್ಳುವುದು. ಒಂದೊಂದು ಬಲ್ಬಿಗೆ ಒಂದೊಂದು ಬೇಡಿಕೆ: ನೀರು, ಗಂಜಿ, ಮಗ್ಗುಲು, ಕಂಬಳಿ. ಬೇಕಾದ ದೀಪ ಉರಿಯುವಾಗ ಅವ್ವ ಗುಂಡಿ ಒತ್ತಿದರೆ ಗಂಟೆ ಬಾರಿಸಬೇಕು. ಮೊಳೆ ಕಿತ್ತು ಬೇರೆ ಕಡೆ ಹೊಡೆದರೆ ಯಂತ್ರ ಬೇರೆ ಪಾಠ ಒಪ್ಪಿಸುವುದು.

"ಬಿ.ಎಸ್ಸಿ. ಓದಿ ಡಬ್ಬಕ್ಕೆ ಮೊಳೆ ಹೊಡಿತಾ ಇದ್ದಿಯಲ್ಲೋ," ಎಂದ ಸಾಂತಪ್ಪ ಮಾವ, ಜಗಲಿಯಲ್ಲಿ ಎಲೆಗೆ ಸುಣ್ಣ ಬಳಿಯುತ್ತ. "ನಮ್ಮ ಕೋವಿಗೂ ಒಂದು ಮಾಡಿ ಕೊಡು, ಹಂದಿ ಬಂದ್ರೆ ಅದೇ ಹೊಡೀಲಿ!"

ಗಂಟೆ ಬಾರಿಸಿತು. ಆದರೆ ದೀಪ ಉರಿಯುವಾಗಲ್ಲ. ನಾಲ್ಕೂ ಆರಿ, ಡಬ್ಬದ ತಗಡಿನ ಅಂಚುಗಳು ಕೂಡಿದ ಬೆಸುಗೆ ಆ ಹಿತ್ತಾಳೆ ಪಟ್ಟಿಯ ಕೆಳಗೆ ಬರುವಾಗ. ಬೆಸುಗೆ ಗಟ್ಟಿಯಾದ್ದರಿಂದ ಅಲ್ಲಿ ಮೊಳೆ ಇಳಿದಿರಲಿಲ್ಲ. ಅಷ್ಟು ಜಾಗ ಕತ್ತಲೆಯಾಗಿಯೇ ಸುತ್ತುತ್ತಿತ್ತು. ಅವ್ವನ ಬೆರಳಿಗೆ ಬೇಕಾದದ್ದು ಆ ಕತ್ತಲೆಯೇ.

ಬೆರಳು ತಡವಾಗುತ್ತಿದೆ ಎಂದುಕೊಂಡು ಪದ್ಮಯ್ಯ ಡಬ್ಬದ ವೇಗ ತಗ್ಗಿಸಿದ. ಗುಂಡಿಯನ್ನು ಸಡಿಲ ಮಾಡಿದ. ಹಿತ್ತಾಳೆಯನ್ನು ಉಜ್ಜಿದ. ಪ್ರತಿ ಸುತ್ತಿಗೂ ಗಂಟೆ ಅಲ್ಲೇ.

"ಯಂತ್ರದಲ್ಲಿ ಎಂತದೋ ದೋಷ," ಎಂದ.

"ದೋಷ ನಿನ್ನಲ್ಲಿ," ಎಂದಳು ಅಕ್ಕ ಯಮುನ. "ನಾಲ್ಕು ದೀಪ ನೀನೇ ಇಟ್ಟೆ. ಅವ್ವಂಗೆ ಎಂತ ಬೇಕೂಂತ ಬಾಯಿ ಬಿಟ್ಟು ಕೇಳಿದ್ದಿಯಾ?"

ಕೇಳಿರಲಿಲ್ಲ. ತಾಯಿಯೊಡನೆ ಅವನು ಎಂದೂ ಹೆಚ್ಚು ಮಾತಾಡಿದವನಲ್ಲ. ಮೊಳೆ ಹೊಡೆಯುವುದು ಅವನಿಗೆ ಮಾತಿಗಿಂತ ಸುಲಭವಾಗಿತ್ತು.

ಯಮುನ ಮಂಚದ ಬಳಿ ಕೂತು ಒಂದೊಂದಾಗಿ ಕೇಳಿದಳು. ಕಿಟಕಿ ತೆರೆಯಲಾ? ನಿನ್ನ ತಂಗಿಯನ್ನು ಕರೆಸಲಾ? ಬೆರಳು ಅಲುಗಲಿಲ್ಲ. ಕೊನೆಗೆ ದನಿ ತಗ್ಗಿಸಿ, "ತೀರ್ಥವಾ ಅವ್ವಾ?" ಎಂದಳು.

ಗಂಟೆ ಬಾರಿಸಿತು.

ತುಲಾ ಸಂಕ್ರಮಣಕ್ಕೆ ತಲಕಾವೇರಿಯಿಂದ ಪೂವಮ್ಮ ತಾನೇ ಹೊತ್ತು ತಂದ ತೀರ್ಥ ದೇವರ ಗೂಡಿನಲ್ಲಿತ್ತು, ಮೇಣ ಹಾಕಿದ ಬಾಟಲಿಯಲ್ಲಿ. ಜೀವ ಹೋಗುವವರ ತುಟಿಗೆ ಬಿಡುವ ನೀರು ಅದು. ಅದನ್ನು ತೆರೆದರೆ, ಹೋಗು ಎಂದು ಮಗನೇ ಹೇಳಿದಂತೆ.

"ಡಾಕ್ಟರು ಗುಣವಾಗ್ತದೆ ಅಂದಿದ್ದಾರೆ," ಎಂದ ಪದ್ಮಯ್ಯ, ಗೋಡೆಗೆ. ಯಮುನ ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಹೋದಳು.

ಅವನು ಯಂತ್ರದ ಮುಂದೆ ಕೂತ. ಬೆಸುಗೆಯ ಪಕ್ಕ ಇನ್ನೊಂದು ಮೊಳೆ ಹೊಡೆದು ಐದನೆಯ ಬಲ್ಬು ಕೂರಿಸಬಹುದಿತ್ತು. ಅದು ಗೊತ್ತಿದ್ದ ಕೆಲಸ. ಸುತ್ತಿಗೆ ಎತ್ತಿ, ಮತ್ತೆ ಕೆಳಗಿಟ್ಟ. ಸ್ಪ್ರಿಂಗಿಗೆ ಕೀಲಿಯನ್ನೂ ಕೊಡಲಿಲ್ಲ. ಡಬ್ಬ ಬಳಲಿ, ತಡವರಿಸಿ ನಿಂತುಬಿಟ್ಟಿತು. ಈಗ ಯಾವ ದೀಪವೂ ಇಲ್ಲ, ಯಾವ ಸರದಿಯೂ ಇಲ್ಲ. ಯಂತ್ರ ಕೇಳದಿದ್ದರೆ ಅವ್ವನೂ ಕೇಳುವುದಿಲ್ಲ ಎಂದುಕೊಂಡು ಅವನು ಗಂಟೆಯ ತಂತಿಯನ್ನೂ ಕಿತ್ತ.

ಗುಂಡಿ ಟಿಕ್ ಎಂದಿತು. ಸ್ವಲ್ಪ ತಡೆದು ಇನ್ನೊಮ್ಮೆ. ಗಂಟೆಯಿಲ್ಲದ ಗುಂಡಿಯನ್ನು ಬೆರಳು ಒತ್ತುತ್ತಲೇ ಇತ್ತು. ಕಣ್ಣು ಮಗನ ಮೇಲೆ.

ಪದ್ಮಯ್ಯ ಎದ್ದ. ಗೂಡಿನಿಂದ ಬಾಟಲಿ ತಂದು, ಮಂಚದ ಅಂಚಿಗೆ ಕೂತು, ಮೇಣವನ್ನು ಉಗುರಿನಿಂದ ಕೆರೆಯತೊಡಗಿದ. ಅದು ಸುಲಭಕ್ಕೆ ಬಿಡಲಿಲ್ಲ. ಬಿಡದಿರಲಿ ಎಂದುಕೊಳ್ಳುತ್ತಲೇ ಕೆರೆಯುತ್ತ ಹೋದ.